ಸೌರಾತೀತ ಗ್ರಹಗಳ ಭೂನೆಲೆ ವೀಕ್ಷಣೆ

ಸೂರ್ಯನನ್ನು ಬಿಟ್ಟು ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳಿಗೆ ಸೌರಾತೀತ ಗ್ರಹಗಳು ಅಥವಾ ಬಾಹ್ಯಗ್ರಹಗಳು ಎಂದು ಹೆಸರು. ಇವುಗಳನ್ನು ಪತ್ತೆಹಚ್ಚಿ ಅಳೆಯುವ ಕೆಲಸ ಬಾಹ್ಯಾಕಾಶದಲ್ಲಿರುವ ದೂರದರ್ಶಕಗಳಿಂದಲೂ ನೆಲದ ಮೇಲಿನ ದೂರದರ್ಶಕಗಳಿಂದಲೂ ನಡೆಯುತ್ತದೆ. ದೃಢಪಟ್ಟ ಗ್ರಹಗಳ ಸಂಖ್ಯೆ 2025ರ ಸೆಪ್ಟೆಂಬರಿನಲ್ಲಿ 6000 ಮುಟ್ಟಿತು. ಇವುಗಳಲ್ಲಿ ಹೆಚ್ಚಿನವನ್ನು ಮೊದಲು ಗುರುತಿಸಿದ್ದು ಕೆಪ್ಲರ್, ಟೆಸ್ ಮುಂತಾದ ಅಂತರಿಕ್ಷ ದೂರದರ್ಶಕಗಳಾದ್ದರಿಂದ, ನೆಲದ ವೀಕ್ಷಣೆಯ ಕಾಲ ಮುಗಿಯಿತೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅದು ಸರಿಯಲ್ಲ. ಅಂತರಿಕ್ಷ ದೂರದರ್ಶಕಗಳು ಬಹುಮಟ್ಟಿಗೆ ತಿಳಿಸುವುದು ಗ್ರಹದ ಗಾತ್ರವನ್ನು. ಅದರ ದ್ರವ್ಯರಾಶಿಯನ್ನು ಹೇಳಬಲ್ಲ ನಿಖರವಾದ ರೋಹಿತಲೇಖಿಗಳು, ಎಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ದಾಖಲಿಸುವ ಉಪಕರಣಗಳು, ಇರುವುದು ನೆಲದ ಮೇಲೆಯೇ. ಗಾತ್ರ ಮತ್ತು ದ್ರವ್ಯರಾಶಿ ಎರಡೂ ಕೈಗೆ ಬಂದಾಗ ಮಾತ್ರ ಸಾಂದ್ರತೆಯನ್ನು ಲೆಕ್ಕಹಾಕಿ, ಆ ಗ್ರಹ ಬಂಡೆಯಿಂದಾದುದೋ ಅನಿಲದ ಉಂಡೆಯೋ ಎಂದು ತೀರ್ಮಾನಿಸಲು ಸಾಧ್ಯ.

ಗ್ರಹವನ್ನು ನೇರವಾಗಿ ಕಾಣಲು ಎರಡು ಅಡ್ಡಿಗಳಿವೆ. ಮೊದಲನೆಯದು ಬೆಳಕಿನ ಅಂತರ: ಗೋಚರ ಬೆಳಕಿನಲ್ಲಿ ಗುರುಗ್ರಹ ಸೂರ್ಯನಿಗಿಂತ ಸುಮಾರು ನೂರು ಕೋಟಿ ಪಟ್ಟು ಮಂಕಾಗಿದ್ದರೆ ಭೂಮಿ ಸುಮಾರು ಸಾವಿರ ಕೋಟಿ ಪಟ್ಟು ಮಂಕಾಗಿದೆ. ಎರಡನೆಯದು ಕೋನದ ಇಕ್ಕಟ್ಟು. ಸುಮಾರು 33 ಜ್ಯೋತಿರ್ವರ್ಷ ದೂರದಿಂದ ನೋಡಿದರೆ ಭೂಮಿಗೂ ಸೂರ್ಯನಿಗೂ ನಡುವಿನ ಅಂತರ ಒಂದು ಕೋನ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟೇ ಕಾಣುತ್ತದೆ. ಒಂದು ಕೋನ ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೆಯ ಒಂದು ಭಾಗ. ಭೂಮಿಯ ವಾಯುಮಂಡಲವಾದರೋ ತನ್ನ ಕದಲಿಕೆಯಿಂದ ನಕ್ಷತ್ರದ ಬಿಂದುವನ್ನು ಒಂದು ಕೋನ ಸೆಕೆಂಡಿನ ಆಸುಪಾಸಿಗೆ ಹರಡಿಬಿಡುತ್ತದೆ. ಹೀಗಾಗಿ ನೆಲದ ಮೇಲಿನ ಖಗೋಳವಿಜ್ಞಾನಿಗಳು ಬಹುಕಾಲ ಗ್ರಹವನ್ನು ನೋಡುವ ಯೋಚನೆಯನ್ನು ಬದಿಗಿಟ್ಟು, ಗ್ರಹವಿರುವುದರಿಂದ ನಕ್ಷತ್ರದಲ್ಲಿ ಕಾಣಿಸುವ ವ್ಯತ್ಯಾಸಗಳನ್ನು ಹುಡುಕುವ ಪರೋಕ್ಷ ವಿಧಾನಗಳನ್ನೇ ನೆಚ್ಚಿಕೊಂಡರು.

ಈ ಹುಡುಕಾಟದ ಚರಿತ್ರೆ ಆರಂಭವಾಗುವುದು ದಕ್ಷಿಣ ಭಾರತದಲ್ಲಿ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ವೀಕ್ಷಣಾಲಯದ ನಿರ್ದೇಶಕನಾಗಿದ್ದ ಕ್ಯಾಪ್ಟನ್ ವಿಲಿಯಂ ಸ್ಟೀಫನ್ ಜೇಕಬ್, 70 ಒಫಿಯೂಕಿ ಎಂಬ ಯಮಳ ನಕ್ಷತ್ರದ ಕಕ್ಷೆಯಲ್ಲಿ ಲೆಕ್ಕಕ್ಕೆ ಹೊಂದದ ಏರುಪೇರನ್ನು ಕಂಡು, ಅಲ್ಲಿ ಗ್ರಹದಂಥ ಕಾಯವೊಂದಿರುವ ಸಂಭವ ಹೆಚ್ಚೆಂದು 1855ರಲ್ಲಿ ಬರೆದ. ಶತಮಾನದ ಕೊನೆಯಲ್ಲಿ ಅಮೆರಿಕದ ಥಾಮಸ್ ಸೀ ಅದೇ ನಕ್ಷತ್ರದ ಬಗ್ಗೆ ಇನ್ನಷ್ಟು ದೃಢವಾಗಿ ವಾದಿಸಿದನಾದರೂ, ಅವನು ಹೇಳಿದಂಥ ಮೂರು ಕಾಯಗಳ ವ್ಯವಸ್ಥೆ ಸ್ಥಿರವಾಗಿ ಉಳಿಯಲಾರದೆಂದು ಫಾರೆಸ್ಟ್ ಮೌಲ್ಟನ್ 1899ರಲ್ಲಿ ಗಣಿತದಿಂದ ತೋರಿಸಿಕೊಟ್ಟ. ಇಪ್ಪತ್ತನೆಯ ಶತಮಾನದ ಪ್ರಸಿದ್ಧ ಹುಸಿ ಶೋಧ ಪೀಟರ್ ವಾನ್ ಡಿ ಕಾಂಪ್ ಅವರದು. ಪೆನ್ಸಿಲ್ವೇನಿಯದ ಸ್ಪ್ರೌಲ್ ವೀಕ್ಷಣಾಲಯದ 61 ಸೆಂ.ಮೀ. ಮಸೂರ ದೂರದರ್ಶಕದಲ್ಲಿ ದಶಕಗಟ್ಟಲೆ ತೆಗೆದ ಛಾಯಾಫಲಕಗಳನ್ನು ಅಳೆದು, ಸುಮಾರು 6 ಜ್ಯೋತಿರ್ವರ್ಷ ದೂರದ ಬರ್ನಾರ್ಡ್ ನಕ್ಷತ್ರ ಆಕಾಶದಲ್ಲಿ ಸಾಗುವ ಹಾದಿ ತುಸು ಅಂಕುಡೊಂಕಾಗಿದೆಯೆಂದೂ ಗುರುಗ್ರಹದಂಥ ಗ್ರಹದ ಸೆಳೆತವೇ ಅದಕ್ಕೆ ಕಾರಣವೆಂದೂ 1960ರ ದಶಕದಲ್ಲಿ ಅವರು ಪ್ರಕಟಿಸಿದರು. ಬೇರೆ ದೂರದರ್ಶಕಗಳ ಫಲಕಗಳಲ್ಲಿ ಆ ಅಂಕುಡೊಂಕು ಸಿಗದೆಹೋಗಿ, ಕಡೆಗೆ ಸ್ಪ್ರೌಲ್ ದೂರದರ್ಶಕದ ಮಸೂರವನ್ನು ಬಿಚ್ಚಿ ಸರಿಪಡಿಸಿದ ವರ್ಷಗಳಲ್ಲೇ ನಕ್ಷತ್ರ ‘ಜಿಗಿದಿರುವುದು’ ಗೊತ್ತಾಯಿತು. ಅಳತೆಯ ಉಪಕರಣ ಅಲುಗಾಡದೆ ಇರುವುದು ದೂರದರ್ಶಕದ ದೊಡ್ಡಸ್ತಿಕೆಗಿಂತ ಮುಖ್ಯವೆಂಬುದನ್ನು ಈ ಕ್ಷೇತ್ರ ಇಂಥ ಪೆಟ್ಟುಗಳಿಂದಲೇ ಕಲಿತುಕೊಂಡಿತು.

ಆಟೊ ಸ್ಟ್ರೂವ್ 1952ರಲ್ಲಿ ಎರಡು ಪುಟಗಳಷ್ಟರ ಕಿರು ಲೇಖನವೊಂದರಲ್ಲಿ, ಗುರುವಿನಷ್ಟು ದೊಡ್ಡ ಗ್ರಹವೊಂದು ತನ್ನ ನಕ್ಷತ್ರದ ತೀರ ಸಮೀಪದಲ್ಲಿ ಕೆಲವೇ ದಿನಗಳಿಗೊಮ್ಮೆ ಸುತ್ತುತ್ತಿರಬಾರದೇಕೆ, ಇದ್ದರೆ ಅದನ್ನು ನಕ್ಷತ್ರದ ವೇಗದಿಂದಲೋ ಗ್ರಹಣದಿಂದಲೋ ಕಂಡುಹಿಡಿಯಬಹುದಲ್ಲ ಎಂದು ಕೇಳಿದ್ದರು. ಸೌರವ್ಯೂಹದಲ್ಲಿ ಅಂಥ ಗ್ರಹವಿಲ್ಲದ್ದರಿಂದ ಆ ಮಾತನ್ನು ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಾಲ್ಕು ದಶಕಗಳ ಬಳಿಕ ನಿಜವಾದದ್ದು ಅದೇ ಮಾತು.

ಸ್ಟ್ರೂವ್ ಸೂಚಿಸಿದ ಮೊದಲ ದಾರಿಗೆ ತ್ರಿಜ್ಯ ವೇಗ ವಿಧಾನ ಎನ್ನುತ್ತಾರೆ. ಗ್ರಹ ನಕ್ಷತ್ರವನ್ನು ಸುತ್ತುತ್ತದೆ ಎನ್ನುವುದು ರೂಢಿಯ ಮಾತು. ವಾಸ್ತವದಲ್ಲಿ ಎರಡೂ ತಮ್ಮ ಸಾಮಾನ್ಯ ಗುರುತ್ವ ಕೇಂದ್ರವನ್ನು ಸುತ್ತುವುದರಿಂದ ನಕ್ಷತ್ರವೂ ಒಂದು ಪುಟ್ಟ ಕಕ್ಷೆಯಲ್ಲಿ ಚಲಿಸುತ್ತ ನಮ್ಮ ಕಡೆಗೊಮ್ಮೆ, ಆಚೆಗೊಮ್ಮೆ ಸರಿಯುತ್ತಿರುತ್ತದೆ. ನಮ್ಮತ್ತ ಬರುವಾಗ ಅದರ ರೋಹಿತದ ಕಪ್ಪು ಗೆರೆಗಳು ನೀಲಿಯ ಕಡೆಗೂ ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತವೆ. ಇದೇ ಡಾಪ್ಲರ್ ಪರಿಣಾಮ. ಗುರುಗ್ರಹ ಸೂರ್ಯನನ್ನು ಸೆಕೆಂಡಿಗೆ ಸುಮಾರು 12.5 ಮೀಟರ್ ವೇಗದಲ್ಲಿ ಎಳೆದಾಡಿಸಿದರೆ ಭೂಮಿಯ ಎಳೆತ ಸೆಕೆಂಡಿಗೆ ಬರೀ 9 ಸೆಂ.ಮೀ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಆಗಿರುವುದರಿಂದ, ನಕ್ಷತ್ರದ ವೇಗ ಸೆಕೆಂಡಿಗೆ 1 ಮೀಟರ್ ಬದಲಾದಾಗ ಗೆರೆಗಳ ತರಂಗದೂರ 30 ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ ಬದಲಾಗುತ್ತದೆ, ಎಂದರೆ ಬೆಳಕನ್ನು ಹಿಡಿಯುವ ಸಂವೇದಕದ ಒಂದು ಪಿಕ್ಸೆಲ್ಲಿನ ಸಾವಿರದ ಒಂದು ಭಾಗದಷ್ಟು. ಒಂದೇ ಗೆರೆಯಲ್ಲಿ ಇದನ್ನು ಕಾಣುವುದು ಅಸಾಧ್ಯ. ಸಾವಿರಾರು ಗೆರೆಗಳನ್ನು ಒಟ್ಟುಗೂಡಿಸಿ ಸರಾಸರಿ ತೆಗೆದಾಗ ಮಾತ್ರ ಅದು ಮೇಲೆದ್ದು ಬರುತ್ತದೆ.

ಹೀಗೆ ಅಳೆಯಲು ರೋಹಿತದ ಪಕ್ಕದಲ್ಲಿ ನಂಬಬಹುದಾದ ಅಳತೆಗೋಲೊಂದು ಬೇಕು. ಕೆನಡಾದ ಬ್ರೂಸ್ ಕ್ಯಾಂಪ್‌ಬೆಲ್ ಮತ್ತು ಗಾರ್ಡನ್ ವಾಕರ್ ನಕ್ಷತ್ರದ ಬೆಳಕನ್ನು ಹೈಡ್ರೊಜನ್ ಫ್ಲೋರೈಡ್ ತುಂಬಿದ ಕೋಶದ ಮೂಲಕ ಹಾಯಿಸಿ, ಆ ವಿಷಾನಿಲದ ಗೆರೆಗಳನ್ನೇ ಅಳತೆಗೋಲಾಗಿ ಬಳಸಿದರು. ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯದಲ್ಲಿ ಜೆಫ್ರಿ ಮಾರ್ಸಿ ಮತ್ತು ಪಾಲ್ ಬಟ್ಲರ್ ಅದರ ಬದಲಿಗೆ ಅಯೋಡಿನ್ ಆವಿಯನ್ನು ಆರಿಸಿಕೊಂಡರು. ಸ್ವಿಟ್ಜರ್ಲೆಂಡಿನ ಮೈಕೆಲ್ ಮೇಯರ್ ಮತ್ತು ದಿದಿಯೆ ಕ್ವೆಲೊ ಹಿಡಿದ ದಾರಿ ಬೇರೆಯದು. ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದ 1.93 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ಎಲೋಡಿ ಎಂಬ ಅವರ ರೋಹಿತಲೇಖಿಗೆ ಒಂದು ಗಾಜಿನ ತಂತುವಿನಿಂದ ನಕ್ಷತ್ರದ ಬೆಳಕೂ ಇನ್ನೊಂದರಿಂದ ಥೋರಿಯಂ-ಆರ್ಗಾನ್ ದೀಪದ ಬೆಳಕೂ ಏಕಕಾಲದಲ್ಲಿ ಬರುತ್ತಿದ್ದವು; ಉಪಕರಣ ಎಷ್ಟು ಜರುಗಿದರೂ ಎರಡೂ ಒಟ್ಟಿಗೇ ಜರುಗುವುದರಿಂದ ದೀಪದ ಗೆರೆಗಳನ್ನು ನೋಡಿ ತಪ್ಪನ್ನು ಕಳೆಯಬಹುದಿತ್ತು. 1994ರ ಏಪ್ರಿಲ್‌ನಲ್ಲಿ 142 ನಕ್ಷತ್ರಗಳ ಪಟ್ಟಿ ಹಿಡಿದು ಕೆಲಸ ಆರಂಭಿಸಿದ ಇವರು, ಸುಮಾರು 50 ಜ್ಯೋತಿರ್ವರ್ಷ ದೂರದ 51 ಪೆಗಾಸಿ ನಕ್ಷತ್ರ ಪ್ರತಿ 4.23 ದಿನಗಳಿಗೊಮ್ಮೆ ಸೆಕೆಂಡಿಗೆ ಸುಮಾರು 59 ಮೀಟರ್ ವೇಗದಲ್ಲಿ ತೊನೆಯುತ್ತಿರುವುದನ್ನು ಕಂಡು, ಗುರುವಿನ ಅರ್ಧದಷ್ಟಾದರೂ ದ್ರವ್ಯರಾಶಿಯ ಗ್ರಹವೊಂದನ್ನು 1995ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ಮಾರ್ಸಿ ಮತ್ತು ಬಟ್ಲರ್ ಅದನ್ನು ದೃಢಪಡಿಸಿದರು. ಗುರುವಿನಂಥ ಗ್ರಹವನ್ನು ವರ್ಷಗಟ್ಟಲೆ ಅವಧಿಗಳಲ್ಲೇ ಹುಡುಕಬೇಕೆಂಬ ಅಂದಿನ ತಿಳಿವಳಿಕೆ ಅಲ್ಲಿಗೆ ಬಿದ್ದುಹೋಯಿತು. ಪಲ್ಸಾರ್ ಎಂಬ ಸತ್ತ ನಕ್ಷತ್ರವೊಂದರ ಸುತ್ತ ಗ್ರಹಗಳಿರುವುದು 1992ರಲ್ಲೇ ಅರೆಸಿಬೊ ರೇಡಿಯೊ ದೂರದರ್ಶಕದಿಂದ ತಿಳಿದಿತ್ತಾದರೂ, ಸೂರ್ಯನಂಥ ನಕ್ಷತ್ರಕ್ಕೆ ಸಂಬಂಧಿಸಿದಂತೆ ಇದೇ ಮೊದಲನೆಯದು. 2019ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಮೇಯರ್ ಮತ್ತು ಕ್ವೆಲೊ ಅವರಿಗೆ ಸಂದಿತು.

ಈ ಅಳತೆಯ ಸೂಕ್ಷ್ಮ ಎಂಥದೆಂಬುದು ಒಂದು ಉದಾಹರಣೆಯಿಂದ ತಿಳಿಯುತ್ತದೆ. ದೂರದರ್ಶಕವಿರುವುದು ತಿರುಗುವ ಭೂಮಿಯ ಮೇಲೆ. ಭೂಮಿ ಸೂರ್ಯನನ್ನು ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸುತ್ತುತ್ತಿದೆ, ಈ ಚಲನೆಗಳನ್ನೆಲ್ಲ ಕಳೆದಮೇಲೆ ಉಳಿಯುವುದು ನಕ್ಷತ್ರದ ವೇಗ. ಭೂಮಿಯ ಸ್ವಂತ ತಿರುಗುವಿಕೆಯಿಂದಾಗಿ ವೀಕ್ಷಕನ ವೇಗ ಕ್ಷಣಕ್ಷಣಕ್ಕೂ ಬದಲಾಗುವ ಕಾರಣ, ಸಮಭಾಜಕದ ಸಮೀಪದ ವೀಕ್ಷಣಾಲಯದಲ್ಲಿ ಬೆಳಕು ಸಂಗ್ರಹಿಸಿದ ಅವಧಿಯ ನಡುಗಾಲವನ್ನು ಒಂದೇ ಒಂದು ನಿಮಿಷ ತಪ್ಪಾಗಿ ಬರೆದುಕೊಂಡರೂ ಸೆಕೆಂಡಿಗೆ 2 ಮೀಟರ್‌ವರೆಗೆ ತಪ್ಪು ನುಸುಳಬಹುದು. ಭೂಮಿಯಂಥ ಗ್ರಹದ ಎಳೆತಕ್ಕಿಂತ ಅದು ಇಪ್ಪತ್ತು ಪಟ್ಟು ಹೆಚ್ಚು. ಬೆಳಕು ಸಂಗ್ರಹಿಸುವಾಗ ಮೋಡವೊಂದು ಅಡ್ಡಬಂದು ಬೆಳಕು ಕಡಿಮೆಯಾದರೆ, ಆ ನಡುಗಾಲವನ್ನು ಗಡಿಯಾರ ನೋಡಿ ಅಲ್ಲ, ಬಂದ ಬೆಳಕಿನ ಪ್ರಮಾಣ ನೋಡಿ ಲೆಕ್ಕಹಾಕಬೇಕಾಗುತ್ತದೆ. ಚಿಲಿ ದೇಶದ ಲಾ ಸಿಲ್ಲಾದಲ್ಲಿ 3.6 ಮೀಟರ್ ದೂರದರ್ಶಕಕ್ಕೆ 2003ರಲ್ಲಿ ಜೋಡಿಸಿದ ಹಾರ್ಪ್ಸ್ ಎಂಬ ರೋಹಿತಲೇಖಿಯನ್ನು ಗಾಳಿ ತೆಗೆದ ತೊಟ್ಟಿಯೊಳಗೆ, ಉಷ್ಣತೆ ಒಂದು ಡಿಗ್ರಿಯ ನೂರನೆಯ ಒಂದು ಭಾಗಕ್ಕಿಂತ ಹೆಚ್ಚು ಏರುಪೇರಾಗದಂತೆ ಇರಿಸಲಾಗಿದೆ. ಸೆಕೆಂಡಿಗೆ 1 ಮೀಟರ್ ನಿಖರತೆ ಮುಟ್ಟಿದ ಈ ಉಪಕರಣದಿಂದಲೇ, ನಮಗೆ ಅತಿ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯ ಸುತ್ತ 11.2 ದಿನಗಳಿಗೊಮ್ಮೆ ಸುತ್ತುವ, ಭೂಮಿಯ ಹತ್ತಿರಹತ್ತಿರದ ದ್ರವ್ಯರಾಶಿಯ ಗ್ರಹ 2016ರಲ್ಲಿ ಪತ್ತೆಯಾಯಿತು. ಅದರ ಮುಂದಿನ ಪೀಳಿಗೆಯ ಎಸ್ಪ್ರೆಸೊ ಚಿಲಿಯ ಪಾರನಾಲ್‌ನ 8.2 ಮೀಟರ್ ದೂರದರ್ಶಕಗಳಲ್ಲಿ 2018ರಿಂದ ಕೆಲಸ ಮಾಡುತ್ತಿದ್ದು, ಸೆಕೆಂಡಿಗೆ 10 ಸೆಂ.ಮೀ. ಅದರ ಗುರಿ.

ಉಪಕರಣ ಸರಿಯಿದ್ದ ಮಾತ್ರಕ್ಕೆ ಶೋಧ ಸರಿಯೆಂದಲ್ಲ. ಆಲ್ಫಾ ಸೆಂಟಾರಿ ಬಿ ನಕ್ಷತ್ರಕ್ಕೆ 3.24 ದಿನಗಳ ಗ್ರಹವಿದೆಯೆಂದು 2012ರಲ್ಲಿ ಹಾರ್ಪ್ಸ್ ತಂಡ ಪ್ರಕಟಿಸಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಹೊತ್ತು ಮೆರೆಸಿದವು. ವೀಕ್ಷಣೆ ನಡೆದ ರಾತ್ರಿಗಳ ನಡುವಿನ ಬಿಡುವುಗಳೇ ನಕ್ಷತ್ರದ ಸಹಜ ಏರಿಳಿತದೊಂದಿಗೆ ಬೆರೆತು ಆ ಆವರ್ತವನ್ನು ಹುಟ್ಟಿಸಿದ್ದವೆಂದು 2015ರಲ್ಲಿ ಬೇರೆಯವರು ತೋರಿಸಿದರು. ಹಗಲಾದೊಡನೆ ವೀಕ್ಷಣೆ ನಿಲ್ಲುವುದು ನೆಲದ ದೂರದರ್ಶಕದ ಮಾಯದ ಊನ. ಹುಸಿ ಶೋಧಗಳ ಈ ಕಥೆಗೆ ಇನ್ನೊಂದು ಮುಖವೂ ಉಂಟು: ವಾನ್ ಡಿ ಕಾಂಪ್ ಹೇಳಿದ ಗ್ರಹ ಬರ್ನಾರ್ಡ್ ನಕ್ಷತ್ರದಲ್ಲಿ ಇಲ್ಲವಾದರೂ, ಸುಮಾರು 3 ದಿನಕ್ಕೊಮ್ಮೆ ಸುತ್ತುವ, ಭೂಮಿಗಿಂತ ಹಗುರವಾದ ಗ್ರಹವನ್ನು ಅಲ್ಲಿ 2024ರಲ್ಲಿ ಎಸ್ಪ್ರೆಸೊ ಕಂಡುಹಿಡಿಯಿತು, ಮರುವರ್ಷ ಅಲ್ಲಿರುವ ಗ್ರಹಗಳು ನಾಲ್ಕೆಂದು ತಿಳಿಯಿತು.

ಸ್ಟ್ರೂವ್ ಸೂಚಿಸಿದ ಎರಡನೆಯ ದಾರಿ ಸಂಕ್ರಮಣ. ಶುಕ್ರ ಸಂಕ್ರಮಣದಲ್ಲಿ ಶುಕ್ರ ಸೂರ್ಯಬಿಂಬದ ಮೇಲೆ ಹಾಯುವಂತೆ, ಕಕ್ಷೆ ನಮ್ಮ ದೃಷ್ಟಿರೇಖೆಗೆ ಸರಿಯಾಗಿ ಒದಗಿದಾಗ ದೂರದ ಗ್ರಹವೂ ತನ್ನ ನಕ್ಷತ್ರದ ಮುಂದೆ ಹಾದು ಅದರ ಬೆಳಕನ್ನು ತುಸು ಕುಗ್ಗಿಸುತ್ತದೆ. ಗುರುವಿನಷ್ಟು ದೊಡ್ಡ ಗ್ರಹ ಸೂರ್ಯನಂಥ ನಕ್ಷತ್ರದ ಬೆಳಕನ್ನು ನೂರಕ್ಕೆ 1ರಷ್ಟು ತಡೆದರೆ, ಭೂಮಿಯಷ್ಟರದು ಹತ್ತುಸಾವಿರಕ್ಕೆ ಸುಮಾರು 1ರಷ್ಟನ್ನು ಮಾತ್ರ ತಡೆಯುತ್ತದೆ. 1999ರಲ್ಲಿ ಡೇವಿಡ್ ಶಾರ್ಬೊನೊ ಮತ್ತು ಟಿಮೊಥಿ ಬ್ರೌನ್ ಕೊಲರಾಡೊದ ಬೌಲ್ಡರ್‌ನಲ್ಲಿ 10 ಸೆಂ.ಮೀ. ವ್ಯಾಸದ ಪುಟ್ಟ ದೂರದರ್ಶಕದಿಂದ ಎಚ್‌ಡಿ 209458 ಎಂಬ ನಕ್ಷತ್ರದ ಬೆಳಕು ಹೀಗೆ ಕುಗ್ಗುವುದನ್ನು ದಾಖಲಿಸಿದರು. ಅರಿಜೋನಾದ ಸ್ವಯಂಚಾಲಿತ ದೂರದರ್ಶಕದಿಂದ ಗ್ರೆಗರಿ ಹೆನ್ರಿಯೂ ಅದೇ ಸಮಯದಲ್ಲಿ ಅದನ್ನು ಕಂಡರು. ತ್ರಿಜ್ಯ ವೇಗದಿಂದ ತಿಳಿದಿದ್ದ ಗ್ರಹವೊಂದರ ಗಾತ್ರ ಹೀಗೆ ಮೊತ್ತಮೊದಲು ತಿಳಿಯಿತು. ಬೃಹತ್ ಕನ್ನಡಿಗಳ ಯುಗದಲ್ಲಿ ಇಂಥ ಶೋಧ ಕೈಯಳತೆಯ ದೂರದರ್ಶಕಕ್ಕೆ ಸಿಕ್ಕಿದ್ದು ವಿಶೇಷ. ಬಳಿಕ ಬಂದ ವಾಸ್ಪ್ ಯೋಜನೆ, ಲಾ ಪಾಲ್ಮಾ ಮತ್ತು ದಕ್ಷಿಣ ಆಫ್ರಿಕಗಳಲ್ಲಿ, ಅಂಗಡಿಯಲ್ಲಿ ಸಿಗುವ 200 ಮಿ.ಮೀ. ಕ್ಯಾಮೆರಾ ಮಸೂರಗಳನ್ನೇ ಸಾಲಾಗಿ ಜೋಡಿಸಿ ನೂರಕ್ಕೂ ಹೆಚ್ಚು ಗ್ರಹಗಳನ್ನು ಹುಡುಕಿತು.

ಸಂಕ್ರಮಣ ಅಳೆಯುವವನು ಗುರಿಯ ನಕ್ಷತ್ರವನ್ನು ಮಾತ್ರವಲ್ಲ, ಅದೇ ಚಿತ್ರದಲ್ಲಿರುವ ಹತ್ತಾರು ನೆರೆಯ ನಕ್ಷತ್ರಗಳನ್ನೂ ಅಳೆಯುತ್ತಾನೆ. ತೆಳುಮೋಡ ಹಾಯ್ದರೆ, ಅಥವಾ ನಕ್ಷತ್ರ ದಿಗಂತದತ್ತ ಇಳಿದು ಬೆಳಕು ಹೆಚ್ಚು ಗಾಳಿಯನ್ನು ತೂರಿ ಬರಬೇಕಾದರೆ, ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ. ಒಂದನ್ನು ಮತ್ತೊಂದರಿಂದ ಭಾಗಿಸಿದಾಗ ವಾಯುಮಂಡಲದ ಪ್ರಭಾವ ಬಹುಪಾಲು ಕಳೆದುಹೋಗಿ ಗ್ರಹದ ನೆರಳು ಉಳಿಯುತ್ತದೆ. ಪಳಗಿದ ವೀಕ್ಷಕರು ಹಲವು ವೇಳೆ ಬೇಕೆಂದೇ ದೂರದರ್ಶಕದ ನಾಭಿಯನ್ನು ಕೆಡಿಸಿ, ನಕ್ಷತ್ರದ ಬಿಂದುವನ್ನು ಸಣ್ಣ ಬಳೆಯಾಗಿ ಹರಡುತ್ತಾರೆ. ಬೆಳಕು ಸಾವಿರಾರು ಪಿಕ್ಸೆಲ್‌ಗಳ ಮೇಲೆ ಹಂಚಿಹೋದಾಗ ಒಂದೊಂದು ಪಿಕ್ಸೆಲ್ಲಿನ ದೋಷ ಅಳತೆಯನ್ನು ಕೆಡಿಸುವುದಿಲ್ಲ. ಚೆಂದದ ಚಿತ್ರ ಬೇಕೆನ್ನುವವರಿಗೆ ಇದು ವಿಚಿತ್ರವೆನಿಸೀತು. ಇಷ್ಟಾದರೂ ನಕ್ಷತ್ರದ ಮಿನುಗು ಪೂರ್ತಿ ಹೋಗದ ಕಾರಣ, ಸೂರ್ಯನಂಥ ನಕ್ಷತ್ರದ ಮುಂದೆ ಭೂಮಿಯಂಥ ಗ್ರಹ ಹಾಯುವುದನ್ನು ನೆಲದಿಂದ ಕಾಣಲಾಗುವುದಿಲ್ಲ. ಈ ಮಿತಿಯನ್ನು ಜಾಣತನದಿಂದ ಬಳಸಿ ದಾಟಿದವರು ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಮಿಕಾಯೆಲ್ ಗಿಯೋನ್ ತಂಡದವರು. ನಕ್ಷತ್ರವೇ ಪುಟ್ಟದಾಗಿದ್ದರೆ ಪುಟ್ಟ ಗ್ರಹವೂ ಅದರ ಬೆಳಕಿನ ಗಣನೀಯ ಪಾಲನ್ನು ತಡೆಯುತ್ತದೆಂದು ಲೆಕ್ಕಹಾಕಿ, ಲಾ ಸಿಲ್ಲಾದ 60 ಸೆಂ.ಮೀ. ವ್ಯಾಸದ ಟ್ರಾಪಿಸ್ಟ್ ದೂರದರ್ಶಕದಿಂದ ಮಂದವಾದ ಕುಬ್ಜ ನಕ್ಷತ್ರಗಳನ್ನೇ ನೋಡುತ್ತ ಹೋದ ಅವರಿಗೆ, ಸುಮಾರು 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1 ನಕ್ಷತ್ರದ ಗ್ರಹಗಳು 2016ರಲ್ಲಿ ದೊರೆತವು. ಅಲ್ಲಿ ಭೂಮಿಯ ಆಸುಪಾಸಿನ ಗಾತ್ರದ ಏಳು ಗ್ರಹಗಳಿವೆಯೆಂದು 2017ರಲ್ಲಿ ಸ್ಪಿಟ್ಜರ್ ಅಂತರಿಕ್ಷ ದೂರದರ್ಶಕದ ನೆರವಿನಿಂದ ಖಚಿತವಾಯಿತು.

ಅಂತರಿಕ್ಷದಿಂದ ಬರುವ ಸೂಚನೆಗಳನ್ನು ಪರಿಶೀಲಿಸುವ ಹೊಣೆಯೂ ನೆಲದ ಮೇಲಿದೆ. ಟೆಸ್‌ನ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಆಕಾಶದ 21 ಕೋನ ಸೆಕೆಂಡ್‌ಗಳಷ್ಟನ್ನು ಆವರಿಸುವುದರಿಂದ ಹಲವು ನಕ್ಷತ್ರಗಳ ಬೆಳಕು ಒಂದರಲ್ಲೇ ಬೆರೆಯುತ್ತದೆ. ಹಿನ್ನೆಲೆಯಲ್ಲಿ ಒಂದನ್ನೊಂದು ಮರೆಮಾಡುವ ಯಮಳ ನಕ್ಷತ್ರವಿದ್ದರೆ ಅದು ಗ್ರಹದಂತೆ ಕಂಡು ಮೋಸಗೊಳಿಸುತ್ತದೆ. ಇಂಥದನ್ನು ಬೇರ್ಪಡಿಸಲು ಸಣ್ಣ ದೂರದರ್ಶಕವೂ ಸಾಕಾಗುವ ಕಾರಣ ಹವ್ಯಾಸಿಗಳಿಗೂ ಇಲ್ಲಿ ಕೆಲಸವಿದೆ. ಜಂಬುಕ ರಾಶಿಯ ಎಚ್‌ಡಿ 189733 ನಕ್ಷತ್ರದ ಬೆಳಕು ಪ್ರತಿ 2.2 ದಿನಗಳಿಗೊಮ್ಮೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಕುಗ್ಗುತ್ತದೆ, 15 ಸೆಂ.ಮೀ. ದೂರದರ್ಶಕ ಮತ್ತು ಡಿಜಿಟಲ್ ಸಂವೇದಕ ಇದ್ದವರು, ಮಳೆಗಾಲ ಮುಗಿದ ಮೇಲಿನ ಸಂಜೆಗಳಲ್ಲಿ ಕರ್ನಾಟಕದಿಂದಲೂ ಇದನ್ನು ದಾಖಲಿಸಬಹುದು.

ದೂರದ ನಕ್ಷತ್ರವೊಂದರ ಮುಂದೆ ಇನ್ನೊಂದು ನಕ್ಷತ್ರ ಹಾಯ್ದಾಗ ಅದರ ಗುರುತ್ವ ಮಸೂರದಂತೆ ವರ್ತಿಸಿ ಹಿಂದಿನದರ ಬೆಳಕನ್ನು ಕೆಲವು ವಾರ ಹಿಗ್ಗಿಸುತ್ತದೆ. ಮುಂದಿನ ನಕ್ಷತ್ರಕ್ಕೆ ಗ್ರಹವಿದ್ದರೆ ಆ ಏರಿಕೆಯ ಮೇಲೆ ಕೆಲವು ಗಂಟೆ ಅಥವಾ ದಿನಗಳ ಚಿಕ್ಕ ಉಬ್ಬು ಕಾಣುತ್ತದೆ. ಪೋಲೆಂಡಿನ ಓಗಲ್, ಕೊರಿಯದ ಕೆಎಂಟಿನೆಟ್ ಮೊದಲಾದ ಯೋಜನೆಗಳು ಈ ಗುರುತ್ವ ಸೂಕ್ಷ್ಮಮಸೂರ ವಿಧಾನದಿಂದ ಆಕಾಶಗಂಗೆಯ ನಡುಭಾಗದತ್ತ ನೋಡಿ ಗ್ರಹಗಳನ್ನು ಪತ್ತೆಹಚ್ಚಿವೆ. ಆದರೆ ಘಟನೆ ಮರುಕಳಿಸುವುದಿಲ್ಲವಾದ್ದರಿಂದ ಆ ಗ್ರಹಗಳ ಬಗ್ಗೆ ಮುಂದೆ ಹೆಚ್ಚೇನೂ ತಿಳಿಯುವಂತಿಲ್ಲ.

ಗ್ರಹದ ಚಿತ್ರವನ್ನೇ ತೆಗೆಯುವ ಆಸೆ ನೆರವೇರಿದ್ದು ಅಡಾಪ್ಟಿವ್ ಆಪ್ಟಿಕ್ಸ್ ವ್ಯವಸ್ಥೆಯಿಂದ. ಬರುವ ಬೆಳಕಿನ ಅಲೆ ಗಾಳಿಯಿಂದ ಎಷ್ಟು ಸುಕ್ಕುಗಟ್ಟಿದೆ ಎಂಬುದನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ಅಳೆದು, ತೆಳ್ಳನೆಯ ಕನ್ನಡಿಯೊಂದನ್ನು ಅದಕ್ಕೆ ತಕ್ಕಂತೆ ಬಾಗಿಸಿ ಆ ಸುಕ್ಕನ್ನು ಇದು ತಿದ್ದುತ್ತದೆ. ನಕ್ಷತ್ರದ ಬಿಂಬವನ್ನು ಕರೋನಾಗ್ರಾಫ್ ಎಂಬ ತಡೆಯಿಂದ ಮರೆಮಾಡುತ್ತಾರೆ. ಆಗಲೂ ಉಳಿಯುವ ಚುಕ್ಕೆಗಳಲ್ಲಿ ಗ್ರಹ ಯಾವುದು, ಉಪಕರಣದ ದೋಷ ಯಾವುದು ಎಂಬುದು ಪ್ರಶ್ನೆ. ರಾತ್ರಿ ಸರಿದಂತೆ ಆಕಾಶ ದೂರದರ್ಶಕಕ್ಕೆ ತಿರುಗಿದಂತೆ ಕಾಣುವುದರಿಂದ ನಿಜವಾದ ಗ್ರಹವೂ ಚಿತ್ರದಲ್ಲಿ ನಕ್ಷತ್ರದ ಸುತ್ತ ತಿರುಗುತ್ತದೆ, ದೋಷದ ಚುಕ್ಕೆಗಳು ನಿಂತಲ್ಲೇ ನಿಲ್ಲುತ್ತವೆ. ಭೂಭ್ರಮಣೆಯ ಈ ಉಪಕಾರವನ್ನು ಬಳಸಿಕೊಂಡು ಕ್ರಿಶ್ಚಿಯನ್ ಮಾರ್ವಾ ತಂಡ ಹವಾಯಿಯ ಕೆಕ್ ಮತ್ತು ಜೆಮಿನಿ ದೂರದರ್ಶಕಗಳಿಂದ ಎಚ್‌ಆರ್ 8799 ನಕ್ಷತ್ರದ ಮೂರು ಗ್ರಹಗಳ ಚಿತ್ರವನ್ನು 2008ರಲ್ಲಿ ಪ್ರಕಟಿಸಿತು. ನಾಲ್ಕನೆಯದು 2010ರಲ್ಲಿ ಸಿಕ್ಕಿತು. ಇವೆಲ್ಲ ಗುರುವಿಗಿಂತ ಹಲವು ಪಟ್ಟು ಭಾರದ, ಹುಟ್ಟಿ ಕೆಲವೇ ಕೋಟಿ ವರ್ಷಗಳಾಗಿ ಇನ್ನೂ ಬಿಸಿಯಾಗಿರುವ, ಆ ಕಾವಿನಿಂದಲೇ ಅವಕೆಂಪು ಕಿರಣಗಳಲ್ಲಿ ಹೊಳೆಯುವ ಗ್ರಹಗಳು. ತಣ್ಣನೆಯ ಹಳೆಯ ಗ್ರಹ ಈ ವಿಧಾನಕ್ಕೆ ಇನ್ನೂ ದಕ್ಕಿಲ್ಲವೆಂದೇ ಹೇಳಬೇಕು.

ಗ್ರಹದ ವಾಯುಮಂಡಲದ ಅಧ್ಯಯನದಲ್ಲಿ ನೆಲದ ದೂರದರ್ಶಕಗಳ ಬಲ ಇರುವುದು ರೋಹಿತವನ್ನು ಅತಿ ಸೂಕ್ಷ್ಮವಾಗಿ ಬಿಡಿಸುವುದರಲ್ಲಿ. ಭೂಮಿಯ ಗಾಳಿಯ ನೀರಾವಿಯೂ ಇತರ ಅನಿಲಗಳೂ ತಮ್ಮ ಗೆರೆಗಳನ್ನು ರೋಹಿತದಲ್ಲಿ ಮೂಡಿಸುತ್ತವಾದರೂ ಅವು ಕದಲುವುದಿಲ್ಲ. ನಕ್ಷತ್ರಕ್ಕೆ ಅಂಟಿದಂತೆ ಸುತ್ತುವ ಗ್ರಹದ ವೇಗ ಸೆಕೆಂಡಿಗೆ ನೂರಾರು ಕಿ.ಮೀ. ಇರುವುದರಿಂದ ಅದರ ಗೆರೆಗಳು ಮಾತ್ರ ಗಂಟೆಗಳಲ್ಲೇ ಜರುಗಿಬಿಡುತ್ತವೆ. ಇಗ್ನಾಸ್ ಸ್ನೆಲೆನ್ ತಂಡ 2010ರಲ್ಲಿ ಎಚ್‌ಡಿ 209458ರ ಗ್ರಹದಲ್ಲಿ ಕಾರ್ಬನ್ ಮಾನಾಕ್ಸೈಡನ್ನು ಹೀಗೆ ಗುರುತಿಸಿ, ಗ್ರಹ ಸೆಕೆಂಡಿಗೆ ಸುಮಾರು 140 ಕಿ.ಮೀ. ವೇಗದಲ್ಲಿ ಸುತ್ತುತ್ತಿದೆಯೆಂದು ಅಳೆಯಿತು. ಅದೇ ತಂಡ 2014ರಲ್ಲಿ ಬೀಟಾ ಪಿಕ್ಟೋರಿಸ್ ನಕ್ಷತ್ರದ ಗ್ರಹದ ಸಮಭಾಜಕ ಸೆಕೆಂಡಿಗೆ 25 ಕಿ.ಮೀ. ವೇಗದಲ್ಲಿ ತಿರುಗುತ್ತಿದ್ದು ಅಲ್ಲಿ ದಿನದ ಉದ್ದ ಸುಮಾರು 8 ಗಂಟೆ ಎಂದು ತೋರಿಸಿತು.

ಭಾರತದಲ್ಲಿ ಈ ಕೆಲಸಕ್ಕೆ ಮುಖ್ಯ ನೆಲೆ ರಾಜಸ್ಥಾನದ ಅಬು ಪರ್ವತದ ಗುರುಶಿಖರ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಅಭಿಜಿತ್ ಚಕ್ರವರ್ತಿ ಅವರ ತಂಡ ಅಲ್ಲಿನ 1.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ಪರಸ್ ರೋಹಿತಲೇಖಿಯಿಂದ, ಭೂಮಿಯ ಸುಮಾರು 27 ಪಟ್ಟು ದ್ರವ್ಯರಾಶಿಯೂ 6 ಪಟ್ಟು ತ್ರಿಜ್ಯವೂ ಇರುವ ಗ್ರಹವೊಂದನ್ನು 2018ರಲ್ಲಿ ದೃಢಪಡಿಸಿತು. 2.5 ಮೀಟರ್‌ನ ಹೊಸ ದೂರದರ್ಶಕಕ್ಕೆ ಅಳವಡಿಸಿದ ಪರಸ್-2ರಿಂದ 2024ರಲ್ಲಿ ಟಿಒಐ-6651 ನಕ್ಷತ್ರದ ಗ್ರಹವನ್ನು ತೂಗಿದಾಗ, ತ್ರಿಜ್ಯ ಭೂಮಿಯ ಐದು ಪಟ್ಟೇ ಇದ್ದರೂ ದ್ರವ್ಯರಾಶಿ 60 ಪಟ್ಟು ಇರುವುದು ತಿಳಿಯಿತು; ಶನಿಯ ಗಾತ್ರಕ್ಕಿಂತ ಎಷ್ಟೋ ಕಿರಿದಾಗಿಯೂ ಶನಿಯ ಮೂರನೆಯ ಎರಡು ಭಾಗ ತೂಗುವ ಇಂಥ ಗ್ರಹಗಳು ವಿರಳ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಸಂಸ್ಥೆ, ಜೇಕಬ್ ಕೆಲಸ ಮಾಡಿದ ಮದರಾಸು ವೀಕ್ಷಣಾಲಯದ ವಾರಸುದಾರ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ ಅದರ 2 ಮೀಟರ್‌ನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯ ಕೇಂದ್ರದಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಮೂವತ್ತು ಮೀಟರ್ ದೂರದರ್ಶಕ ಎಂಬ ಅಂತರರಾಷ್ಟ್ರೀಯ ಯೋಜನೆಗಾಗಿ ಕನ್ನಡಿ ತುಣುಕುಗಳನ್ನು ನಯಗೊಳಿಸುವ ಘಟಕವೂ ಹೊಸಕೋಟೆಯಲ್ಲೇ ಇದೆ. ಆ ಯೋಜನೆ ಹವಾಯಿಯ ಮೂಲನಿವಾಸಿಗಳ ವಿರೋಧದಿಂದಾಗಿ ಬಹುಕಾಲದಿಂದ ಕುಂಟುತ್ತಿದೆ.

ಚಿಲಿಯ ಅರ್ಮಸೋನೆಸ್ ಬೆಟ್ಟದಲ್ಲಿ ಯೂರೋಪಿನ ದೇಶಗಳು ಕಟ್ಟುತ್ತಿರುವ, 798 ತುಣುಕುಗಳ 39 ಮೀಟರ್ ಕನ್ನಡಿಯ ದೂರದರ್ಶಕ ಸಿದ್ಧವಾದಾಗ, ಪ್ರಾಕ್ಸಿಮಾದ ಗ್ರಹವನ್ನು ಅದರ ನಕ್ಷತ್ರದಿಂದ ಬೇರೆಯಾಗಿ ಕಾಣುವ ನಿರೀಕ್ಷೆಯಿದೆ. ಆದರೆ ಸೂರ್ಯನಂಥ ನಕ್ಷತ್ರಗಳ ವಿಷಯದಲ್ಲಿ ಕನ್ನಡಿ ಹಿಗ್ಗಿದ ಮಾತ್ರಕ್ಕೆ ತೊಡಕು ಪರಿಹಾರವಾಗದು. ನಕ್ಷತ್ರದ ಮೇಲ್ಮೈ ಕುದಿಯುವ ಅನಿಲ. ಅದರ ಕಲೆಗಳೂ ಏರಿಳಿಯುವ ಅನಿಲದ ಗುಳ್ಳೆಗಳೂ ಸೆಕೆಂಡಿಗೆ ಒಂದೆರಡು ಮೀಟರ್‌ಗಳಷ್ಟು ಹುಸಿ ವೇಗವನ್ನು ತೋರಿಸುತ್ತಿದ್ದು, ಗ್ರಹದ 9 ಸೆಂ.ಮೀ. ಅದರಡಿ ಮುಚ್ಚಿಹೋಗುತ್ತದೆ. ಇದನ್ನು ಬೇರ್ಪಡಿಸುವ ಬಗೆ ಕಲಿಯಲೆಂದು ಲಾ ಪಾಲ್ಮಾದಲ್ಲಿ 2015ರಿಂದ ಪುಟ್ಟ ದೂರದರ್ಶಕವೊಂದು ಹಗಲಿನಲ್ಲಿ ಸೂರ್ಯನ ಬೆಳಕನ್ನೇ ಹಾರ್ಪ್ಸ್-ಎನ್ ರೋಹಿತಲೇಖಿಗೆ ಒದಗಿಸುತ್ತಿದೆ, ಏಕೆಂದರೆ ಗ್ರಹಗಳೆಷ್ಟು, ಅವುಗಳ ತೂಕವೆಷ್ಟು ಎಂಬುದು ಮೊದಲೇ ಗೊತ್ತಿರುವ ನಕ್ಷತ್ರ ಸೂರ್ಯನೊಂದೇ. ಸೂರ್ಯನಂಥ ನಕ್ಷತ್ರವನ್ನು ವರ್ಷಕ್ಕೊಮ್ಮೆ ಸುತ್ತುವ, ಭೂಮಿಯಷ್ಟೇ ಭಾರದ ಗ್ರಹವನ್ನು ನೆಲದ ಮೇಲಿನ ಯಾವ ದೂರದರ್ಶಕವೂ ಇದುವರೆಗೆ ತೂಗಿಲ್ಲ.